ಎರೆಯಾಕ ಬಂದಾಕಿ

ನನ್ನ ಅಕ್ಕ ನನ್ನದೇ ಮನೆಯ ಬಚ್ಚಲಿನಲ್ಲಿ ಕುಳಿತಿದ್ದಾಗ, ಅವಳು ನನ್ನ ಅಕ್ಕ ಎಂದು ನಾನು ಹೇಳಲಿಲ್ಲ. ಎದುರುಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರಿವರು ಎಂದು ಪ್ರೀತಿಯಿಂದಲೇ ಕೇಳಿದ್ದರು. ನನ್ನ ಬಾಯಿಂದ ಬೇರೆಯೇ ಮಾತು ಬಂತು. ಅದನ್ನು ಮುಂದೆ ಬರೆಯುತ್ತೇನೆ. ಮೊದಲು ಅಕ್ಕ ಯಾರೆಂದು ಹೇಳಬೇಕು. ಅಂದು ನಾನು ಹೇಳದೆ ಬಿಟ್ಟದ್ದು ಅದನ್ನೇ.

ನಮ್ಮವ್ವನ ಮುಖ ನನಗೆ ನೆನಪಿಲ್ಲ. ನಾನಿನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅವಳು ಜ್ವರ ಬಂದು ಹೋದಳಂತೆ. ನನಗಿಂತ ಬಹಳ ದೊಡ್ಡವಳಾದ ಅಕ್ಕನನ್ನು, ಅವಳ ಹೆಸರು ನೀಲವ್ವ, ಆಗಲೇ ಕಾಖಂಡಕಿಗೆ ಕೊಟ್ಟಿದ್ದರು. ಅವಳ ಮಗ ಮಲ್ಲು ನನ್ನ ವಾರಿಗೆಯವನು. ಅವ್ವನ ಮಣ್ಣಿಗೆಂದು ತಿಕೋಟಾಕ್ಕೆ ಬಂದ ಅಕ್ಕ, ನನ್ನನ್ನು ಎತ್ತಿಕೊಂಡವಳು ಮತ್ತೆ ಇಳಿಸಲೇ ಇಲ್ಲ ಎಂದು ಅಪ್ಪ ಹೇಳುತ್ತಿದ್ದ. ಅವಳ ಗಂಡ, ನಾನು ಮಾಮಾ ಎನ್ನುತ್ತಿದ್ದೆ, ಬಡಪಾಯಿ ಮನುಷ್ಯ. ಕಾಖಂಡಕಿಯ ತನ್ನ ಪಾಲಿನ ಹೊಲವನ್ನು ಅಣ್ಣನ ಕೈಗೆ ಬಿಟ್ಟು, ಎತ್ತು ಹೊಡೆದುಕೊಂಡು ಹೆಂಡತಿಯ ಹಿಂದೆಯೇ ಬಂದ. ಮಲ್ಲುವಿಗೆ ಒಂದು ಮೊಲೆ, ನನಗೊಂದು ಮೊಲೆ ಕೊಟ್ಟು ಅಕ್ಕ ನಮ್ಮಿಬ್ಬರನ್ನೂ ಬೆಳೆಸಿದಳು. ಮಾತು ಬಂದಾಗ ಮಲ್ಲುವಿನಂತೆ ನಾನೂ ಅವಳನ್ನು ಅವ್ವ ಎಂದು ಕರೆದೆ. ಅದೊಂದನ್ನು ಮಾತ್ರ ಅವಳು ಒಪ್ಪಲಿಲ್ಲ.

"ನಾ ನಿಮ್ಮಕ್ಕ. ನಿಮ್ಮವ್ವ ಬ್ಯಾರೆ ಇದ್ಲು. ಆಕಿದ ಆಕಿಗೇ ಇರಲಿ. ಯಕ್ಕಾ ಅನ್ನು, ಇಲ್ಲಂದ್ರ ರೊಟ್ಟಿ ಕೊಡೂದಿಲ್ಲ ನೋಡ."

ನಮ್ಮದು ಮಣ್ಣಿನ ಮಾಳಿಗೆಯ ಮೇಲ್ಮುದ್ದೆಯ ಮನೆ. ಗೋಡೆಗಳು ಎಷ್ಟು ದಪ್ಪವೆಂದರೆ ಕಿಡಕಿಯ ಕಟ್ಟೆಯ ಮೇಲೆ ನಾನೂ ಮಲ್ಲುವೂ ಕಾಲು ಮಡಚಿಕೊಂಡು ಕುಳಿತು ಶೇಂಗಾ ತಿನ್ನಬಹುದಿತ್ತು. ಒಳಗೆ ಬಂದ ಕೂಡಲೇ ಎತ್ತುಗಳು, ಅವುಗಳನ್ನು ದಾಟಿ ಮೆಟ್ಟಿಲೇರಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ. ಅಡುಗೆಮನೆಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯೊಂದರಿಂದ. ಹೊತ್ತೇರಿದಂತೆ ಆ ಬಿಸಿಲಿನ ತುಂಡು ಒಲೆಯಿಂದ ಜೋಳ ತುಂಬಿಡುವ ಹಗೇವಿನ ಕಡೆಗೆ ಸರಿಯುತ್ತಿತ್ತು. ಅದು ಬೀಸುವ ಕಲ್ಲಿಗೆ ಮುಟ್ಟುವ ಮೊದಲು ಅಕ್ಕನ ರೊಟ್ಟಿ ಮುಗಿದಿರಬೇಕು. ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾವು ಏಳುತ್ತಿದ್ದೆವು. ಸಪ್ಪಳ ಕೇಳಿಯೇ ಅವಳ ಮನಸ್ಸು ಹೇಗಿದೆ ಎಂದು ತಿಳಿಯುತ್ತಿತ್ತು. ಅಪ್ಪನ ಜೊತೆ ಜಗಳವಾದ ಮರುದಿನ ರೊಟ್ಟಿಗಳು ಬಹಳ ತೆಳ್ಳಗೆ ಬರುತ್ತಿದ್ದವು, ಅಷ್ಟು ಬಡಿದಿರುತ್ತಿದ್ದಳು. ಮಾಮಾ ಅಂಥ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇವತ್ತ ಮಾವಗ ಭಾಳ ಬೈದೀ ಕಾಣತೈತಿ" ಎನ್ನುತ್ತಿದ್ದ. ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ತಾಟು ಇರಲಿಲ್ಲವೆಂದಲ್ಲ, ನಾವು ಅಂಗೈ ಮೇಲೆಯೇ ರೊಟ್ಟಿ ಇಟ್ಟುಕೊಂಡು ತಿನ್ನುತ್ತಿದ್ದೆವು. ಇಂದಿಗೂ ತಾಟಿನಲ್ಲಿ ತಿಂದ ರೊಟ್ಟಿ ನನಗೆ ಊಟವೆನಿಸುವುದಿಲ್ಲ.

ರೊಟ್ಟಿ ಮುಗಿದ ಮೇಲೆ ಅಕ್ಕನ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಊರಲ್ಲಿ ಹುಟ್ಟಿದ ಕೂಸುಗಳಿಗೆ ನೀರು ಎರೆಯುವುದು. ಯಾರು ಕಲಿಸಿದರೋ ಗೊತ್ತಿಲ್ಲ. ತಾಯಿಯಿಲ್ಲದ ನನಗೂ ತನ್ನ ಮಲ್ಲುವಿಗೂ ಎರೆಯುತ್ತ ಕೈ ಕುದುರಿತು ಎನ್ನುತ್ತಿದ್ದಳು. ಯಾವ ಮನೆಯಲ್ಲಿ ಬಾಣಂತಿ ಇದ್ದರೂ ಕರೆ ಬರುತ್ತಿತ್ತು. ಸಣ್ಣ ಗಂಟಿನಲ್ಲಿ ಕಡಲೆಹಿಟ್ಟು, ಅರಿಷಿಣ, ಲೋಬಾನ ಕಟ್ಟಿಕೊಂಡು ಹೊರಡುತ್ತಿದ್ದಳು. ಆ ಗಂಟು ಹಿಡಿಯುವ ಕೆಲಸ ನನ್ನದು. ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಕಾಲು ನೀಡಿ, ಕೂಸನ್ನು ಕಾಲಿನ ಮೇಲೆ ಬೋರಲು ಹಾಕಿಕೊಳ್ಳುತ್ತಿದ್ದಳು. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡುತ್ತಿದ್ದಳು. ಆಮೇಲೆ ಮಾತು. ನೀರು ಹಾಕಿದಷ್ಟು ಹೊತ್ತೂ ಕೂಸಿನ ಜೊತೆ ಮಾತಾಡುತ್ತಿದ್ದಳು. ಆ ಮಾತು ಕೇಳಲೆಂದೇ ಮನೆಯವರು ಬಚ್ಚಲಿನ ಆಚೆ ಏನಾದರೂ ಕೆಲಸ ಹಚ್ಚಿಕೊಂಡು ನಿಲ್ಲುತ್ತಿದ್ದರು. ದೊಡ್ಡ ಮನೆಯೊಂದರಲ್ಲಿ ಸೊಸೆಗೆ ಅತ್ತೆ ತುಪ್ಪ ಹಾಕುತ್ತಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು, ಹೇಳುವವರಿರಲಿಲ್ಲ. ಅಕ್ಕ ಕೂಸಿಗೆ ಹೇಳಿದಳು.

"ಯಾಕಲೇ ಸಣ್ಣ ಸಾವಕಾರ, ಹಿಂಗ್ಯಾಕ ಸೊರಗೀದಿ? ನಿಮ್ಮಾಯಿ ತುಪ್ಪದ ಡಬ್ಬಿಗೆ ಕೀಲಿ ಹಾಕ್ಯಾಳಂತಲ್ಲೋ, ಖರೇನೇನು? ಬಾ, ನಮ್ಮ ಮನಿಗೆ ಹೋಗೋಣು. ನಮ್ಮನ್ಯಾಗ ತುಪ್ಪಿಲ್ಲ, ಖರೆ ಕೀಲಿನೂ ಇಲ್ಲ."

ಕೂಸಿನ ಆಯಿ, ಅಂದರೆ ಅಜ್ಜಿಯಾದ ಆ ಅತ್ತೆ, ಹೊರಗೆ ನಿಂತು ನಕ್ಕಳು. ಬೇರೆ ದಾರಿ ಇರಲಿಲ್ಲ. ಮರುದಿನ ಸೊಸೆಯ ತಾಟಿನಲ್ಲಿ ತುಪ್ಪ ಹರಿದಾಡುತ್ತಿತ್ತು. ಮುಖಕ್ಕೆ ಹೇಳಿದರೆ ಮನೆ ಒಡೆಯುವ ಮಾತನ್ನು ಅಕ್ಕ ಹೀಗೆ ನೀರಿನ ಜೊತೆ ಹರಿಯಬಿಡುತ್ತಿದ್ದಳು. ನನಗೂ ಮಲ್ಲುವಿಗೂ ಅವಳು ಬುದ್ಧಿ ಹೇಳುತ್ತಿದ್ದದ್ದು ಹೀಗೆ ಹಾಸ್ಯ ಮಾಡಿಯೇ. ಅವಳು ಯಾರನ್ನಾದರೂ ಹಂಗಿಸಿದರೆ ಅವರನ್ನು ತನ್ನವರೆಂದು ಹಿಡಿದಿದ್ದಾಳೆ ಎಂದೇ ಅರ್ಥ. ಹೊರಗಿನವರಿಗೆ ಅವಳು ಬಹಳ ಮರ್ಯಾದೆ ಕೊಡುತ್ತಿದ್ದಳು.

ಅಪ್ಪನಿಗೆ ಈ ಕೆಲಸ ಸೇರುತ್ತಿರಲಿಲ್ಲ. ಅಕ್ಕ ಎಲ್ಲ ಕೇರಿಗೂ ಹೋಗುತ್ತಿದ್ದಳು, ಊರ ಆ ತುದಿಯ ಕೇರಿಗೂ. ಅಲ್ಲಿಂದ ಬಂದ ದಿನ ಅಪ್ಪ ಹೊಸ್ತಿಲಿಗೆ ಅಡ್ಡ ಕೂರುತ್ತಿದ್ದ.

"ಮೈ ತೊಳಕೊಂಡು ಒಳಗ ಬಾ."

"ಯಪ್ಪಾ, ನಾ ಬಚ್ಚಲದಾಗಿಂದನ ಎದ್ದ ಬಂದೀನಿ. ಇನ್ನೆಷ್ಟ ತೊಳಕೊಳ್ಲಿ?"

"ಮಂದಿ ಏನಂತಾರ?"

"ಮಂದಿ ಮಕ್ಕಳಿಗೆಲ್ಲಾ ನಾನ ಎರದೀನಿ. ಅವು ಹುಟ್ಟಿದಾಗ ಹೆಂಗಿದ್ವಂತ ನೋಡಿದಾಕೀನೂ ನಾನ. ಅವ್ರೇನಂತಾರ?"

ಮಾಮಾ ಎತ್ತುಗಳ ಹತ್ತಿರ ಮುಖ ಮರೆಸಿಕೊಂಡು ನಗುತ್ತಿದ್ದ. ಅಪ್ಪ ಎದ್ದು ದಾರಿ ಬಿಡುತ್ತಿದ್ದ. ನಾನು ಅಕ್ಕನ ಗಂಟು ಹಿಡಿದು, ಅಪ್ಪನ ಮುಂದೆಯೇ, ರಾಣಿಯ ಹಿಂದಿನ ಸಿಪಾಯಿಯ ಹಾಗೆ ಒಳಗೆ ನಡೆಯುತ್ತಿದ್ದೆ. ಆ ಹುಡುಗಿಗೆ ಯಾರ ಹೆದರಿಕೆಯೂ ಇರಲಿಲ್ಲ. ಅವಳು ಎಲ್ಲಿ ಕಳೆದುಹೋದಳೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನನ್ನು ಸಾಲಿಗೆ ಕಳಿಸಿದ್ದೂ ಅಕ್ಕನೇ. ಹೆಣ್ಣುಹುಡುಗಿಗೆ ಯಾಕೆ ಎಂದು ಅಪ್ಪ ಅಂದಾಗ ಅವಳು ಒಂದು ಹೊತ್ತು ಒಲೆ ಹಚ್ಚಲಿಲ್ಲ. ಆದರೆ ನನಗೆ ವಿದ್ಯೆ ಹತ್ತಲಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ಮತ್ತೆ ಮತ್ತೆ ಕುಳಿತೆ. ಕೊನೆಗೆ ನನ್ನ ಎದೆಯವರೆಗೂ ಬಾರದ ಹುಡುಗರ ನಡುವೆ ಕೂರಲು ನಾಚಿಕೆಯಾಗಿ ನಾನೇ ಬಿಟ್ಟೆ. ಅಕ್ಕ ಬೈಯಲಿಲ್ಲ. ಪಾಟಿಯನ್ನು ಒರೆಸಿ ಗೋಡೆಯ ಮಾಡದಲ್ಲಿಟ್ಟು, "ಓದೂದು ಬರೂದಷ್ಟ ಬಂತಲ್ಲ, ಸಾಕು. ನಾಚಿಕಿ ಮಾತ್ರ ಕಲೀಬ್ಯಾಡ" ಎಂದಳು. ನಾನು ಚೆನ್ನಾಗಿ ಕಲಿತದ್ದು ಅದೊಂದನ್ನೇ.

ಲಗ್ನವಾಗಿ ವಿಜಯಪುರಕ್ಕೆ ಬಂದೆ. ನನ್ನವರು ಕಚೇರಿಯೊಂದರಲ್ಲಿ ಕಾರಕೂನರು. ಮೊದಲು ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದೆವು. ಅಲ್ಲಿ ಅಂಗಡಿಯವರು, ಹಮಾಲರು, ಎಲ್ಲರೂ ನನ್ನಂಥವರೇ. ಆಮೇಲೆ ಜಲನಗರದಲ್ಲಿ ಮನೆಯಾಯಿತು. ಅಲ್ಲಿ ಎಡಬಲದಲ್ಲೆಲ್ಲ ಕಲಿತವರು. ಎದುರುಮನೆಯ ವಿಮಲಾಬಾಯಿಯವರು ಕಾಲೇಜಿನಲ್ಲಿ ಕಲಿಸುತ್ತಿದ್ದರು. ಬಂದ ಹೊಸತರಲ್ಲಿ, ಎಲ್ಲಿಯವರೆಗೆ ಕಲಿತಿದ್ದೀರಿ ಎಂದು ಅವರು ಸಹಜವಾಗಿ ಕೇಳಿದರು. ಮ್ಯಾಟ್ರಿಕ್ ಎಂದುಬಿಟ್ಟೆ. ಆ ಸುಳ್ಳನ್ನು ಸಾಕುವುದು ಸುಲಭವಿರಲಿಲ್ಲ. ಅವರ ಮುಂದೆ ಪೇಪರು ಹಿಡಿದು ಕೂರುತ್ತಿದ್ದೆ. ಊರ ಮಾತನ್ನು ಬಾಯೊಳಗೇ ನುಂಗಿ ಪುಸ್ತಕದ ಹಾಗೆ ಮಾತಾಡಲು ನೋಡುತ್ತಿದ್ದೆ. ಹೀಗೆ ಎಷ್ಟೋ ವರ್ಷ ನಡೆಯಿತು.

ನನ್ನ ಮಗಳು ಸವಿತಾಳ ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲಿ. ಕರೆಯದೆಯೇ ಅಕ್ಕ ಬಂದಳು. ಆಗಲೇ ಮುದುಕಿ. ಮಾಮಾ ತೀರಿಹೋಗಿದ್ದ, ಮಲ್ಲು ಹೊಲದಲ್ಲಿ ದ್ರಾಕ್ಷಿ ಹಚ್ಚಿದ್ದ. ಅಕ್ಕ ದ್ರಾಕ್ಷಿಯ ಪಡದಲ್ಲಿ ಆಳುಗಳ ಜೊತೆ ನಿಂತು ಗೊನೆ ಕತ್ತರಿಸುತ್ತಿದ್ದಳು, ಶೆಡ್ಡಿನಲ್ಲಿ ಕುಳಿತು ಒಣಗಿದ ದ್ರಾಕ್ಷಿಯ ಮಣೂಕ ಆರಿಸುತ್ತಿದ್ದಳು, ಕರೆ ಬಂದರೆ ಬಬಲೇಶ್ವರದವರೆಗೂ ಬಸ್ಸು ಹತ್ತಿ ಎರೆಯಲು ಹೋಗುತ್ತಿದ್ದಳು. ಮಲ್ಲು, ಈ ವಯಸ್ಸಿನಲ್ಲಿ ಬೇಡವೆಂದರೆ, "ನೀ ಹೋಗಿ ಎರೀತಿಯೇನು? ನಡಿ, ಸೀರಿ ಉಡಸ್ತೀನಿ" ಎನ್ನುತ್ತಿದ್ದಳು. ಆಟೋದಿಂದ ಇಳಿದವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಬಗಲಲ್ಲಿ ಹಳೆಯ ಧೋತರದ ಗಂಟು. ಬೀದಿಯಲ್ಲಿ ನಿಂತೇ, "ಲೇ ಕಮಲೀ, ಎಲ್ಲಿ ಐತಿ ನಿನ್ನ ಬಚ್ಚಲಾ?" ಎಂದು ಕೂಗಿದಳು. ಎದುರುಮನೆಯ ಕಿಡಕಿ ತೆರೆದಿದೆಯೇ ಎಂದು ಮೊದಲು ನೋಡಿದೆ. ಅಕ್ಕನ ಕೈಯಿಂದ ಗಂಟು ಇಸಿದುಕೊಂಡದ್ದು ಆಮೇಲೆ.

ಕೆಲವು ದಿನ ಚೆನ್ನಾಗಿಯೇ ಹೋದವು. ಸವಿತಾಳಿಗೆ ದೊಡ್ಡವ್ವ ಎಂದರೆ ಜೀವ. ಕೂಸು ಅವಳ ಕಾಲ ಮೇಲೆ ಕಿರುಚುತ್ತ ಶುರುಮಾಡಿ, ಮುಗಿಯುವಷ್ಟರಲ್ಲಿ ನಿದ್ದೆಯಲ್ಲಿರುತ್ತಿತ್ತು. ಅಂದು ನಾನು ಅಡುಗೆಮನೆಯಲ್ಲಿ ಸವಿತಾಳಿಗೆ ಅಳವಿ ಪಾಯಸ ಕಾಸುತ್ತಿದ್ದೆ. ವಿಮಲಾಬಾಯಿಯವರು ಕೂಸು ನೋಡಲೆಂದು ಒಳಗೆ ಬಂದರು. ಬಚ್ಚಲಿನ ಬಾಗಿಲು ಅರೆ ತೆರೆದಿತ್ತು. ಅಕ್ಕನ ದನಿ ಮನೆ ತುಂಬ.

"ಅಳಬ್ಯಾಡ ನನ್ನವ್ವಾ. ನೀ ಭಾಳ ಸಾಲಿ ಕಲೀಬೇಕು. ನಿಮ್ಮಾಯಿ ಹಂಗ ಆಗಬ್ಯಾಡ. ನಿಮ್ಮಾಯಿ ನಾಕನೇ ಇಯತ್ತೆದಾಗ ಕುಂತಾಕಿ ಏಳವಲ್ಲಳು. ಆಕಿ ಸಂಗಾಟ ಕುಂತಾವ್ರು ಲಗ್ನ ಮಾಡ್ಕೊಂಡು, ತಮ್ಮ ಮಕ್ಕಳಿಗೆ ಹೆಸರ ಹಚ್ಚಾಕ ಬಂದ್ರು. ಈಕಿ ಅಲ್ಲೇ! ಮಾಸ್ತರಗ ಬಡ್ತಿ ಬಂತು, ಈಕಿಗೆ ಬರಲಿಲ್ಲ!"

ಸವಿತಾ ಒಳಕೋಣೆಯಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ವಿಮಲಾಬಾಯಿಯವರೂ ನಕ್ಕರು. ಅದು ಕುಹಕದ ನಗುವಲ್ಲ, ಈಗ ಬಲ್ಲೆ.

"ಯಾರ್ರಿ ಇವರು? ಎಷ್ಟ ಚಂದ ಮಾತಾಡ್ತಾರಲ್ರಿ!"

ನನ್ನ ಕಿವಿಗಳು ಕಾದ ಹಂಚಿನಂತಾಗಿದ್ದವು. ಅಕ್ಕ ಎಂದರೆ ಆ ಮಾತು ಖರೆಯಾಗುತ್ತದೆ, ಬೇರೆಯವಳೆಂದರೆ ಮುದುಕಿಯ ಬಡಬಡಿಕೆಯಾಗುತ್ತದೆ. ಇಷ್ಟೇ ನನಗೆ ಹೊಳೆದದ್ದು.

"ಎರೆಯಾಕ ಬಂದಾಕ್ರಿ, ಊರಿಂದ. ಏನರ ಅಂತಿರ್ತಾಳ, ನೀವು ತಲಿಗೆ ಹಚ್ಚಿಕೋಬ್ಯಾಡ್ರಿ."

ಬಚ್ಚಲಿನಲ್ಲಿ ಮಾತು ನಿಂತಿತು. ಬಾಕಿ ನೀರನ್ನೆಲ್ಲ ಅಕ್ಕ ಸುಮ್ಮನೆ ಹಾಕಿದಳು. ಅವಳು ಮಾತಿಲ್ಲದೆ ಎರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ತಂಬಿಗೆ ಬಕೀಟಿಗೆ ತಾಗುವುದು, ನೀರು ಹರಿದು ಹೋಗುವುದು, ಇಷ್ಟೇ ಸಪ್ಪಳ. ಆಮೇಲೆ ಕೂಸನ್ನು ಧೋತರದಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ನನ್ನ ಮುಖವನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬಿಸಿನೀರಿಗೆ ಮೊಣಕೈ ಅದ್ದಿ ನೋಡುತ್ತಾಳಲ್ಲ, ಹಾಗೆ ನೋಡಿ, ತಿಳಿದುಕೊಂಡಳು. ನಂತರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂಸನ್ನು ನನ್ನ ಕಡೆ ನೀಡಿದಳು.

"ತಗೋರಿ ಬಾಯಾರ. ನೆತ್ತಿ ಮ್ಯಾಲಿನ ನೀರ ಒರಸ್ರಿ."

ಬಾಯಾರ. ದೊಡ್ಡ ಮನೆಯ ಹೆಂಗಸರನ್ನು ಕರೆಯುವ ಹಾಗೆ ನನಗೆ ಅಂದದ್ದು. ತನ್ನ ಹಾಲು ಕುಡಿದವಳಿಗೆ. ಆಮೇಲೆ ಎದುರುಮನೆಯವರ ಕಡೆ ತಿರುಗಿ, ಕೈಮುಗಿದು, "ಹೌದ್ರಿ ಅಮ್ಮಾರ, ತಿಕೋಟಾದಿಂದ ಎರೆಯಾಕ ಬಂದೀನ್ರಿ" ಎಂದಳು. ನನ್ನ ಸುಳ್ಳನ್ನು ಕೂಸಿನ ಹಾಗೆ ಎತ್ತಿಕೊಂಡು ಕಾಪಾಡಿದಳು. ನಾನು ಕಾಪಾಡಿಸಿಕೊಂಡೆ. ಅವರು ಹೋದ ಮೇಲೆ ಸವಿತಾ ತನ್ನ ಹೊರಸಿನ ಮೇಲೆ ಎದ್ದು ಕುಳಿತು, "ಅವ್ವಾ, ದೊಡ್ಡವ್ವಗ ಏನಂದಿ ನೀ?" ಎಂದು ಕೇಳಿದಳು. ಬಾಣಂತಿ ಹಾಗೆಲ್ಲ ಕೂರಬಾರದು, ಮಲಗು ಎಂದು ಗದರಿಸಿದೆ.

ಮಧ್ಯಾಹ್ನ ಅಕ್ಕ ಗಂಟು ಕಟ್ಟಿದಳು. ಮಣೂಕ ಆರಿಸುವುದಿದೆ, ಮಲ್ಲು ಒಬ್ಬನೇ ಆಗುತ್ತಾನೆ ಎಂದಳು.

"ತೊಟ್ಟಲಾಗೂತನಾ ಆದ್ರೂ ನಿಂದರ ಯಕ್ಕಾ."

"ಇಲ್ರಿ, ಹೋಗಬೇಕು. ಕೂಸಿನ ಕಿವಿಯಾಗ ನೀರ ಹೋಗದಂಗ ನೋಡ್ಕೋರಿ."

ಕಾಲು ಹಿಡಿದಿದ್ದರೆ ಅಂದೇ ಮುಗಿಯುತ್ತಿತ್ತು. ನಾನು ಆಟೋ ಕರೆಯಲು ಹೋದೆ. ತೊಟ್ಟಿಲ ಕಾರ್ಯದಲ್ಲಿ ಮನೆಯ ಹಿರಿಯಳು ಕೂಸನ್ನು ಮೊದಲು ತೊಟ್ಟಿಲಿಗೆ ಹಾಕಬೇಕು. ನೀಲಕ್ಕ ಎಲ್ಲಿ ಎಂದು ಬೀಗರು ಕೇಳಿದರು. ಮೈಯಲ್ಲಿ ಆರಾಮಿಲ್ಲ ಎಂದೆ.

ಆಮೇಲಿನದು ಯಾರಿಗೂ ಜಗಳದ ಹಾಗೆ ಕಾಣಲಿಲ್ಲ. ಅಕ್ಕ ಮೊದಲಿನಂತೆಯೇ ಕಂಡಕ್ಟರನ ಕೈಯಲ್ಲಿ ಕಟಿರೊಟ್ಟಿ, ಹಿಂಡಿ, ಮಣೂಕ ಕಳಿಸುತ್ತಿದ್ದಳು. ನಾನು ತಿಕೋಟಾಕ್ಕೆ ಹೋದರೆ ಬಾಗಿಲಿಗೆ ಬಂದು, "ಬರ್ರಿ, ಕುಂಡರ್ರಿ" ಎನ್ನುತ್ತಿದ್ದಳು. ನನಗೆ ಕುರ್ಚಿ ಹಾಕಿಸುತ್ತಿದ್ದಳು. ರೊಟ್ಟಿಯನ್ನು ತಾಟಿನಲ್ಲಿಟ್ಟು ಕೊಡುತ್ತಿದ್ದಳು, ಮೇಲೆ ತುಪ್ಪ. ಮಲ್ಲುವನ್ನು, ಅವನ ಹೆಂಡತಿಯನ್ನು, ಮೊಮ್ಮಕ್ಕಳನ್ನು ಹಂಗಿಸುತ್ತಿದ್ದ ದನಿ ನಾನು ಪಡಸಾಲೆಗೆ ಬಂದ ಕೂಡಲೇ ಮೆತ್ತಗಾಗುತ್ತಿತ್ತು. ಒಂದು ಸಲ ಬೇಕೆಂದೇ ಹಾಲಿನ ಗಿಂಡಿ ಕೆಡವಿದೆ. ಬೈಯಲಿ ಎಂದು. "ಇರ್ಲಿ ಬಿಡ್ರಿ, ಆಗತೈತಿ" ಎಂದು ತಾನೇ ಒರೆಸಿದಳು. ಅವಳು ಸಿಟ್ಟಾಗಿದ್ದಿದ್ದರೆ ನಾನು ಸುಖವಾಗಿರುತ್ತಿದ್ದೆ. ಮರ್ಯಾದೆ ಕೊಟ್ಟಳು. ನಾನು ಕೇಳಿಕೊಂಡದ್ದು ಅದನ್ನೇ ಅಲ್ಲವೇ.

ಈಗ ಅಕ್ಕ ಇಲ್ಲ. ಅವಳು ಹೋದ ಮೇಲೆ ಒಂದು ಕಾರಹುಣ್ಣಿಮೆ ಬಂದು ಹೋಯಿತು. ಬಚ್ಚಲಿನಲ್ಲಿ ನೀರು ಬೀಳುವ ಸಪ್ಪಳವಾದರೆ ಇಂದಿಗೂ ಕೈಯಲ್ಲಿನ ಕೆಲಸ ಬಿಟ್ಟು ನಿಲ್ಲುತ್ತೇನೆ. ಒಳಗಿನಿಂದ ಯಾರಾದರೂ ನನ್ನನ್ನು ಹಂಗಿಸಬೇಕು ಎನಿಸುತ್ತದೆ. ಒಳಗೆ ಇರುವವರು ಸ್ನಾನ ಮಾಡಿ ಸುಮ್ಮನೆ ಹೊರಗೆ ಬರುತ್ತಾರೆ.

ಅಕ್ಕ ಹೋಗುವ ಮೊದಲಿನ ಮಾತು ಇದು. ಅವಳು ಹಾಸಿಗೆ ಹಿಡಿದಿದ್ದಾಳೆ, ಬಂದು ಹೋಗು ಎಂದು ಮಲ್ಲುವಿನ ಫೋನು ಬಂದಾಗ ವಿಮಲಾಬಾಯಿಯವರು ನಮ್ಮ ಪಡಸಾಲೆಯಲ್ಲೇ ಇದ್ದರು. ನಾನು ಅಳುವುದನ್ನು ಕಂಡು ಯಾರಿಗೆ ಏನಾಯಿತು ಎಂದರು. ನಮ್ಮಕ್ಕ ಎಂದೆ. ಅವರು ನನ್ನನ್ನೇ ನೋಡಿದರು.

"ಇಷ್ಟ ವರ್ಷದಾಗ ನಿಮಗೊಬ್ಬ ಅಕ್ಕ ಅದಾರಂತ ಹೇಳೇ ಇಲ್ಲಲ್ರಿ!"

ನಾನು ಕಣ್ಣೊರೆಸಿಕೊಂಡು ಹೊರಡಲು ಎದ್ದೆ. ಒಬ್ಬಳೇ ಹೋಗಬೇಡಿ ಎಂದು ಅವರೇ ತಮ್ಮ ಕಾರು ತೆಗೆಸಿ ಜೊತೆಗೆ ಬಂದರು. ದಾರಿಯುದ್ದಕ್ಕೂ, ಅವರನ್ನು ಊರ ಹೊರಗೇ ನಿಲ್ಲಿಸಲು ನೆವ ಹುಡುಕುತ್ತಿದ್ದೆ. ಊರು ಮುಟ್ಟಿದಾಗ ಅಂಗಳದ ತುಂಬ ಮಂದಿ. ತಿಕೋಟಾದ ಎಲ್ಲ ಕೇರಿಯವರು, ಕಾಖಂಡಕಿಯವರು, ಬಬಲೇಶ್ವರದವರು. ಮೀಸೆ ಬೆಳ್ಳಗಾದ ಗಂಡಸರು, ನನ್ನನ್ನೂ ಎರೆದವಳು ಇವಳೇ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಪಡಸಾಲೆಯಲ್ಲಿ ಹೊರಸಿನ ಮೇಲೆ ಅಕ್ಕ, ಗೋಡೆಗೆ ಒರಗಿ ಕುಳಿತಿದ್ದಳು. ಮೈ ಹಿಡಿಯಷ್ಟಾಗಿತ್ತು. ಕಿವಿ ಪೂರಾ ಹೋಗಿತ್ತು, ಕಣ್ಣು ಮಾತ್ರ ಮೊದಲಿನವೇ. ವಿಮಲಾಬಾಯಿಯವರು ಹತ್ತಿರ ಹೋಗಿ ಬಗ್ಗಿ ನೋಡಿದರು.

"ಅಯ್ಯ! ಇವರು ಅವತ್ತ ಕೂಸಿಗೆ ಎರೆಯಾಕ ಬಂದಿದ್ದ ಅಜ್ಜಿ ಅಲ್ಲೇನ್ರಿ?"

ಅಕ್ಕನಿಗೆ ಮಾತು ಕೇಳಿಸಿರಲಿಕ್ಕಿಲ್ಲ. ಮುಖದ ಗುರುತು ಹತ್ತಿತು. ಅವರನ್ನು ನೋಡಿದಳು, ಹಿಂದೆ ನಿಂತ ನನ್ನನ್ನು ನೋಡಿದಳು. ಕೈಗಳನ್ನು ಕಷ್ಟಪಟ್ಟು ಜೋಡಿಸಿದಳು. ಉಸಿರು ಸಾಲದ ದನಿಯಲ್ಲಿ, "ಹೌದ್ರಿ ಅಮ್ಮಾರ... ಈ ಬಾಯಾರ ಮನ್ಯಾಗ..." ಎಂದು ಶುರುಮಾಡಿದಳು. ಸಾಯುವ ಹೊತ್ತಿನಲ್ಲೂ ನನ್ನ ಸುಳ್ಳನ್ನು ಹೊರಲು ತಯಾರಾಗಿದ್ದಳು.

ನಾನು ಹೊರಸಿನ ಪಕ್ಕ ಕುಸಿದು, ಅವಳ ಕೈಗಳನ್ನು ಬಿಡಿಸಿ ಹಿಡಿದುಕೊಂಡೆ. ತಪ್ಪಾಯಿತು ಎಂದು ಮೆಲ್ಲಗೆ ಹೇಳಿದೆ. ಅಕ್ಕ ತಲೆಯಾಡಿಸಿದಳು.

"ಏನಂದ್ರಿ? ಕೇಳಸವಲ್ದು."

"ಚಿಗವ್ವಾ, ಹಂಗ ಅಂದ್ರ ಆಕಿಗೆ ಕೇಳಸಂಗಿಲ್ಲ" ಎಂದ ಮಲ್ಲು, ತಲೆದಿಂಬಿನ ಹತ್ತಿರದಿಂದ. "ಜೋರಾಗಿ ಒದರಬೇಕು."

ಅಂಗಳದ ಮಂದಿ ಬಾಗಿಲಿಗೆ ಬಂದು ನಿಂತಿದ್ದರು. ವಿಮಲಾಬಾಯಿಯವರು ನನ್ನ ಬೆನ್ನ ಹಿಂದೆಯೇ ಇದ್ದರು.

"ಯಕ್ಕಾ!" ಎಂದು ಒದರಿದೆ. "ನಾ ಬಾಯಾರ ಅಲ್ಲ, ಕಮಲಿ! ನೀ ಎರೆಯಾಕ ಬಂದಾಕಿ ಅಲ್ಲ, ನೀ ನಮ್ಮಕ್ಕ! ಅವತ್ತ ಇವರ ಮುಂದ ನನಗ ನಾಚಿಕಿ ಬಂತು ಯಕ್ಕಾ, ನೀ ನಮ್ಮಕ್ಕ ಅಂತ ಹೇಳಲಿಲ್ಲ. ತಪ್ಪ ಮಾಡೀನಿ. ಭಾಳ ದೊಡ್ಡ ತಪ್ಪ ಮಾಡೀನಿ. ಹೊಟ್ಟ್ಯಾಗ ಹಾಕ್ಕೊ ಯಕ್ಕಾ!"